ಎಲ್ಲೆಯ ಮರ, ಚಿತ್ರದ ನೆಲ: ಸಹಜ ಸಸ್ಯಾವರಣದ ದಾಖಲೆಯಲ್ಲಿ ನಾಗರಿಕರ ಛಾಯಾಚಿತ್ರ ಮತ್ತು ಕನ್ನಡದ ನೆಲನುಡಿಗಳು

೧

ಕೊಲ್ಕತ್ತ ನಗರದ ದಕ್ಷಿಣ ಭಾಗದಲ್ಲಿರುವ ಟಾಲಿಗಂಜ್ ಕನ್ನಡದ ಅಧ್ಯಯನಕ್ಕೆ ಸಂಬಂಧವಿಲ್ಲದ ಊರೆಂದು ಮೊದಲ ನೋಟಕ್ಕೆ ತೋರುವುದು ಸಹಜ. ಆದರೆ ಆ ಹೆಸರಿನ ಉತ್ತರಪದವನ್ನು ಕಲಬುರಗಿ, ರಾಯಚೂರು, ಕೊಪ್ಪಳ ಕಡೆಯ ಜನ ಇಂದಿಗೂ ದವಸಧಾನ್ಯದ ಪೇಟೆಯೆಂಬ ಅರ್ಥದಲ್ಲಿ ಬಳಸುತ್ತಾರೆ. ಪೂರ್ವಪದ ವಿಲಿಯಂ ಟಾಲಿ ಎಂಬ ಕಂಪನಿ ಸೇನೆಯ ಅಧಿಕಾರಿಯ ಹೆಸರು. ಹೂಳು ತುಂಬಿ ಬತ್ತಿದ್ದ ಆದಿಗಂಗೆಯ ಪಾತ್ರವನ್ನು ಆತ ೧೭೭೫ರಿಂದ ೧೭೭೭ರ ಅವಧಿಯಲ್ಲಿ ತೋಡಿಸಿ ದೋಣಿಗಳ ಸಂಚಾರಕ್ಕೆ ತೆರವು ಮಾಡಿದನು. ಆ ಕಾಲುವೆ ಟಾಲಿಯ ನಾಲೆಯಾಯಿತು. ಅದರ ದಡದ ಪೇಟೆ ಟಾಲಿಗಂಜ್ ಆಯಿತು. ಅದಕ್ಕೆ ಮುನ್ನ ಆ ಎಡೆಗೆ ರಸಾಪಾಗ್ಲಾ ಎಂಬ ಹೆಸರಿತ್ತು.

ಕನ್ನಡ ನಾಡಿನೊಡನೆ ಈ ಊರಿನ ಸಂಬಂಧ ಒಂದು ಶಬ್ದಕ್ಕೆ ಮುಗಿಯುವುದಿಲ್ಲ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪು ಸುಲ್ತಾನನ ಮಕ್ಕಳನ್ನು ಮೊದಲು ವೆಲ್ಲೂರಿನಲ್ಲಿ ಇರಿಸಲಾಯಿತು. ೧೮೦೬ರ ವೆಲ್ಲೂರಿನ ದಂಗೆಯ ತರುವಾಯ ಅವರನ್ನು ಕಲ್ಕತ್ತೆಗೆ ಸಾಗಿಸಿ ಟಾಲಿಗಂಜಿನ ಸುತ್ತಮುತ್ತ ನೆಲೆಗೊಳಿಸಲಾಯಿತು. ರಾಜಕುಮಾರ ಅನ್ವರ್ ಷಾನ ಹೆಸರಿನ ರಸ್ತೆ ಅಲ್ಲಿ ಈಗಲೂ ಇದೆ. ರಾಜಕುಮಾರ ಗುಲಾಂ ಮಹಮ್ಮದ್ ಕಟ್ಟಿಸಿದ ಮಸೀದಿಗಳು ನಗರದಲ್ಲಿ ಉಳಿದಿವೆ. ಇಂದು ಟಾಲಿಗಂಜ್ ಕ್ಲಬ್ ಇರುವ ವಿಸ್ತಾರವಾದ ಆವರಣ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ನೀಲಿಯ ತೋಟವಾಗಿತ್ತು, ಮುಂದೆ ಮೈಸೂರಿನ ಈ ನಿರ್ವಾಸಿತ ಕುಟುಂಬದ ವಾಸಸ್ಥಾನವಾಯಿತು, ೧೮೯೫ರಲ್ಲಿ ಕ್ಲಬ್ಬಾಯಿತು. ಕಾವೇರಿಯ ದಂಡೆಯ ಗದ್ದೆಬಯಲು, ಬಂಡೆಗುಡ್ಡ, ಕುರುಚಲು ಕಾಡುಗಳನ್ನು ಕಂಡು ಬೆಳೆದವರು ಬಂಗಾಳದ ಜವುಗುನೆಲದಲ್ಲಿ ಬಾಳು ಕಳೆಯಬೇಕಾಯಿತು.

ಆ ಕುಟುಂಬ ಬಂದು ಇಳಿದಾಗ ಟಾಲಿಗಂಜಿನ ನೆಲ ಹೇಗಿತ್ತು? ಅಲ್ಲಿ ಯಾವ ಗಿಡಮರಗಳ ಸಮುದಾಯವಿತ್ತು? ಅದರಲ್ಲಿ ಸಹಜವಾದುದು ಎಷ್ಟು, ನೆಟ್ಟು ಬೆಳೆಸಿದುದು ಎಷ್ಟು? ಈ ಪ್ರಶ್ನೆಗಳಿಗೆ ನೇರವಾದ ಉತ್ತರ ದೊರೆಯುವುದಿಲ್ಲ. ಇಂಥ ಪ್ರಶ್ನೆಗಳಿಗೆ ಮುಂದಿನ ತಲೆಮಾರಿನವರಾದರೂ ಉತ್ತರ ಪಡೆಯುವಂತಾಗಬೇಕೆಂಬ ಉದ್ದೇಶದಿಂದ ಇಂದು ಅನೇಕ ದೇಶಗಳಲ್ಲಿ ವಿಜ್ಞಾನಿಗಳಲ್ಲದ ನಾಗರಿಕರು ತಮ್ಮ ಸುತ್ತಲಿನ ನೆಲದ ಛಾಯಾಚಿತ್ರಗಳನ್ನು ಕ್ರಮವರಿತು ತೆಗೆದಿಡುತ್ತಿದ್ದಾರೆ. ಈ ಕಾರ್ಯದ ಸ್ವರೂಪವನ್ನು ಪರಿಚಯಿಸಿ, ಅದರಲ್ಲಿ ಕನ್ನಡದ ಶಾಸನ ಹಾಗೂ ನಿಘಂಟುಗಳ ಅಭ್ಯಾಸಿಗೆ ಇರುವ ಪಾಲನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಟಾಲಿಗಂಜಿನ ಪ್ರಾಚೀನ ಸಸ್ಯಾವರಣವನ್ನು ತಿಳಿಯಲು ಉಳಿದಿರುವ ಆಧಾರಗಳು ಮೂರು ಬಗೆಯವು. ಮೊದಲನೆಯದು ನೆಲದೊಳಗಿನ ಸಾಕ್ಷ್ಯ. ಹತ್ತೊಂಬತ್ತನೆಯ ಶತಮಾನದಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕೆರೆ ತೋಡಿದಾಗ ಆಳದಲ್ಲಿ ಸುಂದರಿ ಮರದ ಬೊಡ್ಡೆಗಳು ದೊರೆತವು. ಇಂದು ದಕ್ಷಿಣಕ್ಕೆ ಬಹುದೂರ ಸರಿದಿರುವ ಸುಂದರಬನದ ಉಪ್ಪುನೀರ ಕಾಡು ಒಂದು ಕಾಲಕ್ಕೆ ಈ ನಗರದ ನೆಲದವರೆಗೂ ಹಬ್ಬಿತ್ತೆಂದು ಇದರಿಂದ ತಿಳಿದುಬರುತ್ತದೆ. ಎರಡನೆಯದು ಭೂಪಟಗಳು. ೧೭೯೨-೯೩ರಲ್ಲಿ ಅಪ್‌ಜಾನ್ ಮೋಜಣಿ ಮಾಡಿ ಸಿದ್ಧಪಡಿಸಿದ ಕಲ್ಕತ್ತೆಯ ಭೂಪಟದಂಥವು ಕೊಳ, ತೋಟ, ದಾರಿಗಳನ್ನು ಕಾಣಿಸುತ್ತವೆ. ಆದರೆ ತೋಟದ ಆಚೆ ಬೆಳೆದುದು ಏನೆಂದು ಬಿಡಿಸಿ ಹೇಳುವುದು ಅವುಗಳ ಕೆಲಸವಲ್ಲ. ಮೂರನೆಯದು ಭಾಷೆ. ತಗ್ಗಿನ ನೀರುನೆಲಕ್ಕೆ ಬಿಲ್, ಎತ್ತರದ ಒಣನೆಲಕ್ಕೆ ಡಾಂಗಾ, ನದಿ ಎಸೆದ ಹೊಸನೆಲಕ್ಕೆ ಚರ್, ಸುಂದರಬನದ ಜವುಗುಕಾಡಿಗೆ ಬಾದಾ, ನೀರಂಚಿನ ಆಪುಹುಲ್ಲಿಗೆ ಹೋಗ್ಲಾ, ಪೊದೆಗಾಡಿಗೆ ಝೋಪ್ ಎಂದು ಬಂಗಾಳಿಯಲ್ಲಿ ಬೇರೆ ಬೇರೆ ಪದಗಳಿವೆ. ನೆಲ ಮರೆಯಾದ ಮೇಲೂ ಅದರ ಹೆಸರು ಊರಹೆಸರುಗಳಲ್ಲಿ ಉಳಿಯುವುದುಂಟು.

ಇಂದಿನ ಟಾಲಿಗಂಜ್ ದಟ್ಟವಾದ ನಗರಭಾಗ. ಟಾಲಿಯ ನಾಲೆ ಕೊಳಚೆ ಹೊರುತ್ತದೆ. ಟಾಲಿಗಂಜಿನಿಂದ ಗರಿಯಾದ ಕಡೆಗೆ ೨೦೦೯ರಲ್ಲಿ ವಿಸ್ತರಿಸಿದ ಮೆಟ್ರೊ ರೈಲುಮಾರ್ಗದ ಕಂಬಗಳು ನಾಲೆಯ ಪಾತ್ರದಲ್ಲಿಯೇ ನಿಂತಿವೆ. ಆದರೂ ನೆಲ ಪೂರ್ತಿ ಬರಿದಾಗಿಲ್ಲ. ಕ್ಲಬ್ಬಿನ ಹುಲ್ಲುಬಯಲಿನಲ್ಲಿ ನರಿಗಳು ವಾಸವಾಗಿವೆ. ಸಮೀಪದ ರವೀಂದ್ರ ಸರೋವರದ ಸುತ್ತ ದೊಡ್ಡ ಮರಗಳಿವೆ. ಆದರೆ ಈ ಸರೋವರ ೧೯೨೦ರ ದಶಕದಲ್ಲಿ ನಗರ ಸುಧಾರಣಾ ಟ್ರಸ್ಟ್ ತೋಡಿಸಿದ ಕೆರೆ; ಅದರ ದಡದ ಮರಗಳಲ್ಲಿ ಬಹುಪಾಲು ನೆಟ್ಟವು. ನಾಲೆಗಳನ್ನು ಮುಚ್ಚುವ ಹಸುರಿನಲ್ಲಿ ಬಹುಭಾಗ ದಕ್ಷಿಣ ಅಮೆರಿಕದಿಂದ ಬಂದ ಅಂತರಗಂಗೆಯ ಜಾತಿಯ ಕಳೆ, ಬಂಗಾಳಿಯ ಕಚೂರಿಪಾನ. ಅದರ ಹಾವಳಿ ಎಷ್ಟಿತ್ತೆಂದರೆ ಅದನ್ನು ತಡೆಯಲು ೧೯೩೬ರಲ್ಲಿ ಬಂಗಾಳ ಪ್ರಾಂತದಲ್ಲಿ ಒಂದು ಕಾಯಿದೆಯನ್ನೇ ಮಾಡಬೇಕಾಯಿತು. ಹಸುರಾಗಿರುವುದೆಲ್ಲ ಸಹಜವಲ್ಲ ಎಂಬ ಮೊದಲ ಪಾಠವನ್ನು ಟಾಲಿಗಂಜ್ ಹೀಗೆ ಕಲಿಸುತ್ತದೆ. ಒಂದು ನೆಲದ ಸಹಜ ರೂಪವನ್ನು ಅದು ಇರುವಾಗಲೇ ದಾಖಲಿಸದಿದ್ದರೆ, ಅನಂತರ ಬೊಡ್ಡೆಗಳಿಂದಲೂ ಹೆಸರುಗಳಿಂದಲೂ ಊಹಿಸಬೇಕಾಗುತ್ತದೆ ಎಂಬುದು ಎರಡನೆಯ ಪಾಠ.

೩

ಕನ್ನಡ ನಾಡಿನ ಸ್ಥಿತಿ ಇದಕ್ಕಿಂತ ಉತ್ತಮ. ಮೂರನೆಯ ಮತ್ತು ನಾಲ್ಕನೆಯ ಮೈಸೂರು ಯುದ್ಧಗಳ ಕಾಲದಲ್ಲಿ ಈ ನಾಡಿನ ದೃಶ್ಯಗಳನ್ನು ಅನೇಕರು ಬರೆದಿಟ್ಟರು. ರಾಬರ್ಟ್ ಹೋಮ್, ಅಲೆಗ್ಸಾಂಡರ್ ಆಲನ್ ಇವರ ಮೈಸೂರು ಸೀಮೆಯ ನೋಟಗಳ ಸಂಪುಟಗಳು ೧೭೯೪ರಲ್ಲಿ ಪ್ರಕಟವಾದವು. ಸಾವನದುರ್ಗ ಮೊದಲಾದ ಗಿರಿದುರ್ಗಗಳು ಅವರಿಗೆ ಪ್ರಿಯವಾದ ವಸ್ತುಗಳು. ಯುದ್ಧದ ವಿಜಯವನ್ನು ತೋರಿಸುವುದು ಇವರ ಗುರಿಯಾಗಿದ್ದರೂ ಕೋಟೆಯ ಕೆಳಗಿನ ಇಳಿಜಾರು, ಪೊದೆ, ಬಯಲು ಚಿತ್ರದೊಳಗೆ ತಾವಾಗಿಯೇ ಬಂದಿವೆ. ಆದರೆ ಇವನ್ನು ಸಾಕ್ಷ್ಯವಾಗಿ ಬಳಸುವಾಗ ಎಚ್ಚರಬೇಕು. ಚೌಕಟ್ಟಿನ ಅಂಚಿನಲ್ಲಿ ಅಂದಕ್ಕಾಗಿ ಒಂದು ಮರವನ್ನು ನಿಲ್ಲಿಸುವುದು ಆ ಕಾಲದ ಚಿತ್ರಕಲೆಯ ಸಂಪ್ರದಾಯವಾಗಿತ್ತು. ಕನ್ನಡ ಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಬರುವ ವನವರ್ಣನೆಗೂ ಇದೇ ಮಾತು ಸಲ್ಲುತ್ತದೆ. ಅಲ್ಲಿನ ಮರಗಳ ಪಟ್ಟಿ ಕವಿಸಮಯಕ್ಕೆ ಅಧೀನ; ಕವಿ ಕಂಡ ಕಾಡಿನ ವರದಿಯಲ್ಲ.

ಚಿತ್ರಕ್ಕೆ ಪೂರಕವಾಗಿ ಬರಹವೂ ಇದೆ. ಫ್ರಾನ್ಸಿಸ್ ಬುಕನನ್ ೧೮೦೦-೦೧ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಕನ್ನಡ, ಮಲಬಾರು ಸೀಮೆಗಳಲ್ಲಿ ಸಂಚರಿಸಿ ಬರೆದ ಮೂರು ಸಂಪುಟಗಳು ೧೮೦೭ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ದಿನದಿನದ ಪಯಣದ ದಾರಿಯನ್ನು ಹೇಳುತ್ತಾ ಹೋಗುವುದರಿಂದ ಆ ಗ್ರಂಥದಲ್ಲಿ ಸ್ಥಳ ಮತ್ತು ದಿನಾಂಕ ಎರಡೂ ದೊರೆಯುತ್ತವೆ. ೧೭೯೯ರ ಬಳಿಕ ಮೈಸೂರಿನ ಮೋಜಣಿ ನಡೆಸಿದ ಕಾಲಿನ್ ಮೆಕೆಂಜಿ ೧೮೧೫ರಲ್ಲಿ ಭಾರತದ ಸರ್ವೇಯರ್ ಜನರಲ್ ಆಗಿ ನೇಮಕಗೊಂಡು, ೧೮೨೧ರಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡನು. ಬುಕನನ್ ಕೂಡ ೧೮೧೪ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕನಾದನು. ಮೈಸೂರಿನ ಅರಸುಮಕ್ಕಳು ಟಾಲಿಗಂಜಿನಲ್ಲಿ ಬಾಳುತ್ತಿದ್ದ ಕಾಲದಲ್ಲಿಯೇ ಮೈಸೂರಿನ ನೆಲವನ್ನು ಅಳೆದು ಬರೆದವರೂ ಅದೇ ನಗರದಲ್ಲಿದ್ದರು ಎಂಬುದು ಗಮನಾರ್ಹ.

ಛಾಯಾಚಿತ್ರದ ಕಾಲ ೧೮೫೦ರ ದಶಕದಲ್ಲಿ ಆರಂಭವಾಗುತ್ತದೆ. ೧೮೫೬ರ ವೇಳೆಗೆ ಅಲೆಗ್ಸಾಂಡರ್ ಗ್ರೀನ್‌ಲಾ ಹಂಪಿಯ ಚಿತ್ರಗಳನ್ನು ಕಾಗದದ ನೆಗೆಟಿವ್‌ಗಳ ಮೇಲೆ ತೆಗೆದನು. ಧಾರವಾಡ ಹಾಗೂ ಮೈಸೂರು ಪ್ರಾಂತಗಳ ವಾಸ್ತುಶಿಲ್ಪದ ಚಿತ್ರಸಂಪುಟ ೧೮೬೬ರಲ್ಲಿ ಪ್ರಕಟವಾಯಿತು. ಇವರೆಲ್ಲ ನೋಡಿದ್ದು ಗುಡಿಗೋಪುರಗಳನ್ನು. ಆದರೆ ಗುಡಿಯ ಹಿಂದಿನ ಗುಡ್ಡ, ಬದಿಯ ಜಾಲಿ, ಮುಂದಿನ ಹುಲ್ಲು ಇವನ್ನು ಕ್ಯಾಮರಾ ಬಿಡಲಿಲ್ಲ. ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ೧೯೮೦ರ ದಶಕದಲ್ಲಿ ಗ್ರೀನ್‌ಲಾ ನಿಂತ ಎಡೆಗಳನ್ನೇ ಹುಡುಕಿ, ಅಲ್ಲಿಯೇ ನಿಂತು ಹಂಪಿಯನ್ನು ಮರಳಿ ಚಿತ್ರಿಸಿದನು. ಒಂದೇ ಬಿಂದುವಿನಿಂದ ಬೇರೆ ಬೇರೆ ಕಾಲಗಳಲ್ಲಿ ತೆಗೆದ ಇಂಥ ಜೋಡಿ ಚಿತ್ರಗಳನ್ನು ಪುನರ್‌ಛಾಯಾಚಿತ್ರವೆನ್ನಬಹುದು. ಕಲಾ ಇತಿಹಾಸಕಾರನು ಅವುಗಳಲ್ಲಿ ಕಲ್ಲನ್ನು ಓದುತ್ತಾನೆ. ಅದೇ ಜೋಡಿಯಲ್ಲಿ ಸಸ್ಯವಿಜ್ಞಾನಿ ನೆಲವನ್ನು ಓದಬಲ್ಲನು.

೪

ಈ ಕೆಲಸ ತಜ್ಞರ ಕೈಯಿಂದ ನಾಗರಿಕರ ಕೈಗೆ ಬಂದುದು ಕಳೆದ ಮೂರು ದಶಕಗಳ ಬೆಳವಣಿಗೆ. ೧೯೯೬ರಲ್ಲಿ ಅಮೆರಿಕದಲ್ಲಿ ಆರಂಭವಾದ ಒಂದು ಸ್ವಯಂಸೇವಾ ಯೋಜನೆ, ಪೂರ್ಣಾಂಕದ ಅಕ್ಷಾಂಶ ರೇಖಾಂಶಗಳು ಸಂಧಿಸುವ ಪ್ರತಿಯೊಂದು ಬಿಂದುವಿಗೂ ಯಾರಾದರೂ ಹೋಗಿ ನಾಲ್ಕು ದಿಕ್ಕುಗಳ ಚಿತ್ರ ತೆಗೆಯಬೇಕೆಂಬ ಗುರಿಯಿಟ್ಟುಕೊಂಡಿತು. ಇದು ಹವ್ಯಾಸಿಗಳ ಆಟದಂತೆ ಕಂಡರೂ ಇದರ ಹಿಂದೆ ಗಟ್ಟಿಯಾದ ತರ್ಕವಿದೆ. ಛಾಯಾಗ್ರಾಹಕನನ್ನು ಅವನ ಇಚ್ಛೆಗೆ ಬಿಟ್ಟರೆ ಅವನು ಜೋಗಕ್ಕೋ ಆಗುಂಬೆಗೋ ಹೋಗುತ್ತಾನೆ. ಬಿಂದುವನ್ನು ಗಣಿತ ನಿರ್ಧರಿಸಿದರೆ ಕುಣಿಗಲಿನ ಸಮೀಪಕ್ಕೋ, ಚನ್ನಗಿರಿಯ ಸಮೀಪಕ್ಕೋ, ಹುನಗುಂದದ ಬಯಲಿಗೋ, ಚಾಮರಾಜನಗರದ ಆಸುಪಾಸಿಗೋ ಹೋಗಬೇಕಾಗುತ್ತದೆ. ೧೩ ಡಿಗ್ರಿ ಉತ್ತರ, ೭೭ ಡಿಗ್ರಿ ಪೂರ್ವ ಮೊದಲಾದ ಬಿಂದುಗಳು ಬೀಳುವುದು ಇಂಥ ಎಡೆಗಳಲ್ಲಿ. ಯಾರೂ ಚೆಲುವಿಗಾಗಿ ನೋಡದ ನೆಲವೂ ಹೀಗೆ ದಾಖಲೆಗೆ ಬರುತ್ತದೆ.

ನಾಸಾ ಸಂಸ್ಥೆಯ ಬೆಂಬಲದ ಗ್ಲೋಬ್ ಕಾರ್ಯಕ್ರಮ ಭೂಹೊದಿಕೆಯನ್ನು ದಾಖಲಿಸುವ ದೂರವಾಣಿ ಸಾಧನವೊಂದನ್ನು ೨೦೧೮ರಲ್ಲಿ ಸಾರ್ವಜನಿಕರಿಗೆ ಒದಗಿಸಿತು. ಅದರ ವಿಧಾನ ಸರಳ. ನಾಗರಿಕನು ಒಂದೆಡೆ ನಿಂತು ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮ ಈ ನಾಲ್ಕು ದಿಕ್ಕುಗಳ ಚಿತ್ರಗಳನ್ನೂ, ತಲೆಯ ಮೇಲಿನ ಮತ್ತು ಕಾಲಡಿಯ ಚಿತ್ರಗಳನ್ನೂ ತೆಗೆಯುತ್ತಾನೆ. ಮೇಲಿನ ಚಿತ್ರದಿಂದ ಎಲೆಚಪ್ಪರ ಎಷ್ಟು ಮುಚ್ಚಿದೆಯೆಂದೂ, ಕೆಳಗಿನದರಿಂದ ಹುಲ್ಲೋ ತರಗೆಲೆಯೋ ಬರಿನೆಲವೋ ಎಂದೂ ತಿಳಿಯುತ್ತದೆ. ದಕ್ಷಿಣ ಆಫ್ರಿಕದ ಕೇಪ್ ಟೌನ್ ವಿಶ್ವವಿದ್ಯಾಲಯದ ಸಸ್ಯಸಂರಕ್ಷಣಾ ಘಟಕ ೨೦೧೫ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಹಳೆಯ ಚಿತ್ರಗಳನ್ನು ಸಾರ್ವಜನಿಕರ ಮುಂದಿಟ್ಟು, ಅವೇ ಎಡೆಗಳಿಂದ ಹೊಸ ಚಿತ್ರ ತೆಗೆದು ಕಳುಹಿಸುವಂತೆ ಕೋರಲಾಯಿತು.

ಭಾರತದಲ್ಲಿ ನಾಗರಿಕ ವಿಜ್ಞಾನ ಹೆಚ್ಚಾಗಿ ಬೆಳೆದುದು ಜೀವಿಗಳ ಸುತ್ತ. ೨೦೦೮ರಲ್ಲಿ ಆರಂಭವಾದ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ೨೦೧೦ರ ಸೀಸನ್‌ವಾಚ್ ಮೊದಲಾದವುಗಳಲ್ಲಿ ಒಂದು ಹಕ್ಕಿಯನ್ನು, ಒಂದು ಗಿಡವನ್ನು, ಒಂದು ಮರದ ಚಿಗುರು-ಹೂ-ಹಣ್ಣುಗಳ ಕಾಲವನ್ನು ನಾಗರಿಕರು ದಾಖಲಿಸುತ್ತಾರೆ. ಇದರ ಬೆಲೆ ದೊಡ್ಡದು. ಆದರೆ ಸಸ್ಯಾವರಣವೆಂಬುದು ಜೀವಿಗಳ ಮೊತ್ತವಲ್ಲ. ಒಂದು ಮುತ್ತುಗದ ಮರ ಹುಲ್ಲುಗಾವಲಿನಲ್ಲಿಯೂ ಇರಬಹುದು, ಎಲೆಯುದುರುವ ಕಾಡಿನಲ್ಲಿಯೂ ಇರಬಹುದು, ನಗರದ ಉದ್ಯಾನದಲ್ಲಿಯೂ ಇರಬಹುದು. ಹೂವಿನ ಸಮೀಪಚಿತ್ರ ಮುತ್ತುಗವೆಂದು ಹೇಳುತ್ತದೆ. ಅದು ಎಂಥ ನೆಲದಲ್ಲಿ, ಯಾರ ಸಂಗಡ, ಎಷ್ಟು ಒತ್ತಾಗಿ ನಿಂತಿದೆಯೆಂದು ಹೇಳುವುದಿಲ್ಲ. ಅದನ್ನು ಹೇಳಲು ನಾಲ್ಕು ಹೆಜ್ಜೆ ಹಿಂದೆ ಸರಿದು ಇಡೀ ನೆಲದ ಚಿತ್ರ ತೆಗೆಯಬೇಕು. ಪದವನ್ನು ನಿಘಂಟಿನಲ್ಲಿ ನೋಡುವುದಕ್ಕೂ ವಾಕ್ಯದಲ್ಲಿ ನೋಡುವುದಕ್ಕೂ ಇರುವ ಅಂತರವೇ ಇಲ್ಲಿಯೂ ಇದೆ.

೫

ನಾಲ್ಕು ದಿಕ್ಕುಗಳನ್ನು ಒಂದೊಂದಾಗಿ ನೋಡಿ ನೆಲವನ್ನು ದಾಖಲಿಸುವ ಈ ಕ್ರಮ ಕನ್ನಡ ಶಾಸನಗಳನ್ನು ಓದಿದವರಿಗೆ ಹೊಸದಾಗಿ ತೋರಲಾರದು. ಭೂದಾನವನ್ನು ಹೇಳುವ ಶಾಸನಗಳಲ್ಲಿ ಎಲ್ಲೆಯನ್ನು ಗುರುತಿಸುವ ಭಾಗ ಮೂಡಣದಿಂದಲೋ ಈಶಾನ್ಯದಿಂದಲೋ ಹೊರಟು ತೆಂಕಣ, ಪಡುವಣ, ಬಡಗಣಗಳನ್ನು ಸುತ್ತಿ ಮರಳಿ ಮೊದಲಿನ ಎಡೆಗೆ ಬಂದು ಸೇರುತ್ತದೆ. ಆ ಸುತ್ತಿನಲ್ಲಿ ಆಲ, ಹುಣಿಸೆ, ಬನ್ನಿ, ಅತ್ತಿ, ಇಪ್ಪೆ ಮೊದಲಾದ ಮರಗಳು, ಮೊರಡಿ, ಹುತ್ತ, ಹಳ್ಳ, ಕೆರೆಯ ಕೋಡಿ, ನಟ್ಟ ಕಲ್ಲು ಇವು ಗುರುತುಗಳಾಗಿ ಬರುತ್ತವೆ. ಗಂಗರ ತಾಮ್ರಶಾಸನಗಳಲ್ಲಿ ವಂಶಪ್ರಶಸ್ತಿ ಸಂಸ್ಕೃತದಲ್ಲಿದ್ದರೂ ಎಲ್ಲೆಯನ್ನು ಹೇಳುವಾಗ ಭಾಷೆ ಹಲವೆಡೆ ಕನ್ನಡಕ್ಕೆ ತಿರುಗುವುದನ್ನು ವಿದ್ವಾಂಸರು ಗಮನಿಸಿದ್ದಾರೆ. ಅರಸನ ಕೀರ್ತಿಗೆ ಅಖಿಲ ಭಾರತದ ಭಾಷೆ ಸಾಕಾಗುತ್ತದೆ. ಹುಣಿಸೆಯ ಮರ ಎಲ್ಲಿದೆಯೆಂದು ಹೇಳಲು ಊರಿನ ಭಾಷೆಯೇ ಬೇಕು. ಜಗಳ ಬಂದಾಗ ಆ ಭಾಗವನ್ನು ಓದಿ ಒಪ್ಪಬೇಕಾದವರು ಊರವರು.

ಇಲ್ಲಿ ಶಾಸನ ಮತ್ತು ನಾಗರಿಕ ಛಾಯಾಚಿತ್ರಗಳ ನಡುವೆ ಮೂರು ಸಾಮ್ಯಗಳನ್ನು ಕಾಣಬಹುದು. ನಿಶ್ಚಿತವಾದ ಬಿಂದು, ನಿಶ್ಚಿತವಾದ ದಿಕ್ಕು, ನಿಶ್ಚಿತವಾದ ಕಾಲ: ಈ ಮೂರೂ ಎರಡರಲ್ಲಿಯೂ ಇವೆ. ವ್ಯತ್ಯಾಸವೂ ಇದೆ. ಶಾಸನ ಒಂಟಿ ಮರವನ್ನು ಹೆಸರಿಸುತ್ತದೆ, ಏಕೆಂದರೆ ಸುಲಭವಾಗಿ ಕಣ್ಣಿಗೆ ಬೀಳುವುದೇ ಗುರುತಿಗೆ ಒದಗುತ್ತದೆ. ಆದ್ದರಿಂದ ಎಲ್ಲೆಯಲ್ಲಿ ಬರುವ ಮರಗಳನ್ನು ಎಣಿಸಿ ಆ ನಾಡಿನ ಕಾಡನ್ನು ನೇರವಾಗಿ ಪುನಾರಚಿಸಲಾಗದು. ಆದರೆ ಮೊರಡಿ, ಕಾಡು, ಬಯಲು, ಹುಲ್ಲುನೆಲ ಎಂಬ ಸಾಮಾನ್ಯ ಪದಗಳು ಎಲ್ಲಿ, ಯಾವ ಶತಮಾನದಲ್ಲಿ ಬರುತ್ತವೆಂದು ನೋಡಿದರೆ ಕೆಲಮಟ್ಟಿನ ತಿಳಿವಳಿಕೆ ದೊರೆಯಬಹುದು. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳೂ, ೧೯೭೨ರಿಂದ ಮೈಸೂರು ವಿಶ್ವವಿದ್ಯಾನಿಲಯ ಹೊರತಂದ ಅವುಗಳ ಪರಿಷ್ಕೃತ ಆವೃತ್ತಿಯೂ ಇದಕ್ಕೆ ಸಾಮಗ್ರಿಯನ್ನು ಒದಗಿಸುತ್ತವೆ. ಎಲ್ಲೆಯ ಭಾಗವನ್ನು ಕೈಯಲ್ಲಿ ಹಿಡಿದು ಆ ಊರಿನ ಸುತ್ತ ನಡೆದು, ಒಂದೊಂದು ದಿಕ್ಕಿನ ಚಿತ್ರ ತೆಗೆದರೆ ಅದು ಸಾವಿರ ವರ್ಷಗಳ ಅಂತರದ ಪುನರ್‌ದಾಖಲೆಯಾಗುತ್ತದೆ. ಮರ ಉಳಿದಿರುವ ಸಂಭವ ಕಡಿಮೆ. ಮೊರಡಿ, ಹಳ್ಳ, ಕೋಡಿಗಳು ಉಳಿದಿರುವ ಸಂಭವ ಹೆಚ್ಚು.

೬

ಚಿತ್ರ ತೆಗೆದ ಮೇಲೆ ಅದಕ್ಕೊಂದು ಹೆಸರು ಬೇಕು. ವಿಷಯದ ಇಕ್ಕಟ್ಟು ಇರುವುದು ಇಲ್ಲಿ. ಭಾರತದ ಕಾಡುಗಳ ವರ್ಗೀಕರಣಕ್ಕೆ ಚಾಂಪಿಯನ್ ೧೯೩೬ರಲ್ಲಿ ಪ್ರಕಟಿಸಿದ, ಮುಂದೆ ೧೯೬೮ರಲ್ಲಿ ಚಾಂಪಿಯನ್ ಮತ್ತು ಸೇಠ್ ಪರಿಷ್ಕರಿಸಿದ ಗ್ರಂಥ ಇಂದಿಗೂ ಆಧಾರ. ಅದು ದೇಶದ ಕಾಡುಗಳನ್ನು ೧೬ ಪ್ರಮುಖ ಗುಂಪುಗಳಾಗಿ ವಿಂಗಡಿಸುತ್ತದೆ. ಅರಣ್ಯಾಧಿಕಾರಿಯ ದೃಷ್ಟಿಯಿಂದ ರಚಿತವಾದ ಆ ವ್ಯವಸ್ಥೆಯಲ್ಲಿ ಮರಗಳಿಗೆ ಮೊದಲ ಸ್ಥಾನ. ಹುಲ್ಲುನೆಲಗಳಲ್ಲಿ ಅನೇಕವು ಕೆಟ್ಟುಹೋದ ಕಾಡಿನ ಹಂತಗಳೆಂದು ಗಣಿತವಾದವು. ಕಂದಾಯ ಇಲಾಖೆಯ ಮಾತು ಇನ್ನೂ ಕಠಿಣ. ತೆರಿಗೆ ಬಾರದ ನೆಲ ಅದಕ್ಕೆ ಖರಾಬು, ಬಂಜರು, ಪಾಳು. ಈ ಮೂರು ಪದಗಳೂ ನೆಲದ ಗುಣವನ್ನು ಹೇಳುವುದಿಲ್ಲ. ಸರಕಾರಕ್ಕೆ ಅದರಿಂದ ಬರುವ ಆದಾಯದ ಅಭಾವವನ್ನು ಹೇಳುತ್ತವೆ. ೨೦೦೦ದಿಂದ ಹಲವು ಆವೃತ್ತಿಗಳಲ್ಲಿ ಹೊರಬಂದ ಭಾರತದ ಪಾಳುಭೂಮಿಯ ಭೂಪಟಸಂಪುಟ ಕುರುಚಲು ನೆಲವನ್ನು ಪಾಳುಭೂಮಿಯ ಒಂದು ವರ್ಗವಾಗಿಯೇ ಇರಿಸಿಕೊಂಡಿತು.

ಊರಿನ ಕನ್ನಡ ಹೀಗಿಲ್ಲ. ಮಲೆನಾಡಿನ ಸೊರಬ, ಸಾಗರ, ಸಿದ್ದಾಪುರಗಳ ಕಡೆ ನಿತ್ಯಹಸುರಿನ ದಟ್ಟಕಾಡಿನ ತುಣುಕು ಕಾನು. ಸೊರಬದ ಕಾನುಗಳನ್ನು ಕುರಿತು ಬ್ರಾಂಡಿಸ್ ಮತ್ತು ಗ್ರಾಂಟ್ ೧೮೬೮ರಲ್ಲಿ ವರದಿ ಬರೆದರು. ಅಡಕೆ ತೋಟಕ್ಕೆ ಸೊಪ್ಪು ಕೊಡುವ ಗುಡ್ಡ ಸೊಪ್ಪಿನಬೆಟ್ಟ. ಹುಲ್ಲಿಗಾಗಿ ಕಾಯ್ದ ನೆಲ ಬೇಣ. ತೆಳುವಾದ ಪೊದೆಗಳ ಎತ್ತರದ ನೆಲ ಹಕ್ಕಲು. ರಾಮಪತ್ರೆಯ ಜಾತಿಯ ಮರಗಳು ಬೇರುಗಳನ್ನು ಮಂಡಿಯಂತೆ ಮೇಲೆತ್ತಿ ನಿಲ್ಲುವ ಸಿಹಿನೀರಿನ ಜವುಗು ರಾಮಪತ್ರೆ ಜಡ್ಡಿ. ಸಿದ್ದಾಪುರದ ಕತ್ತಲೆಕಾನು ಅದಕ್ಕೆ ಪ್ರಸಿದ್ಧ. ಕರಾವಳಿಯ ಅಳಿವೆಗಳ ಉಪ್ಪುನೀರ ಕಾಡು ಕಾಂಡ್ಲಾ. ಸುಂದರಿಯ ಕಾಡಿಗೆ ಅದು ದೂರದ ಬಂಧು. ತುಳುನಾಡು ಕಾಸರಗೋಡುಗಳ ಮುರಕಲ್ಲಿನ ಬಯಲು ಪದವು. ಬಡಗಣ ಕರ್ನಾಟಕದ ಕಲ್ಲುಮಿಶ್ರಿತ ಒಣದಿಬ್ಬ ಮಡ್ಡಿ. ಬಯಲುಸೀಮೆಯ ಹುಲ್ಲುನೆಲ ಕಾವಲು. ಈ ಪದಗಳು ಸಸ್ಯಾವರಣ, ಮಣ್ಣು, ನೀರು, ಬಳಕೆ ಇವೆಲ್ಲವನ್ನೂ ಒಟ್ಟಿಗೆ ಹೇಳುತ್ತವೆ. ಕಿಟ್ಟೆಲ್ಲರ ೧೮೯೪ರ ನಿಘಂಟಿನಲ್ಲಿಯೂ ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನಲ್ಲಿಯೂ ಇಂಥ ಪದಗಳಿಗೆ ಅರ್ಥ ಹುಡುಕುವವರು ಕಾಡು, ಗುಡ್ಡ, ಬಯಲು ಎಂಬ ಸಾಮಾನ್ಯ ವಿವರಣೆಗಳಿಗೆ ಸಿದ್ಧರಾಗಿರಬೇಕು. ನಿಘಂಟುಕಾರನ ಮುಂದೆ ಪ್ರಯೋಗವಾಕ್ಯವಿತ್ತು, ನೆಲವಿರಲಿಲ್ಲ.

ಹೆಸರಿನ ಆಯ್ಕೆ ನೆಲದ ಹಣೆಬರಹವನ್ನು ಬದಲಿಸುತ್ತದೆಂಬುದಕ್ಕೆ ಕಾವಲುಗಳ ಕಥೆಗಿಂತ ಬೇರೆ ನಿದರ್ಶನ ಬೇಡ. ಮೈಸೂರು ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಆ ದನಗಳ ಮೇವಿಗಾಗಿ ಕಾಯ್ದಿಟ್ಟ ಕಾವಲುಗಳು ಚಿತ್ರದುರ್ಗ, ತುಮಕೂರು, ಹಾಸನ, ಚಿಕ್ಕಮಗಳೂರು ಸೀಮೆಗಳಲ್ಲಿ ಹಬ್ಬಿದ್ದವು. ಕೃಷ್ಣಮೃಗ, ತೋಳ, ಎರೆಭೂತ ಮೊದಲಾದ ಬಯಲಿನ ಜೀವಿಗಳಿಗೆ ಅವೇ ನೆಲೆ. ಸ್ವಾತಂತ್ರ್ಯಾನಂತರ ಅವುಗಳ ಬಹುಭಾಗ ಉಳುಮೆಗೂ ಇತರ ಉದ್ದೇಶಗಳಿಗೂ ಕೈಬಿಟ್ಟಿತು. ಚಳ್ಳಕೆರೆಯ ಬಳಿಯ ಸುಮಾರು ೧೦ ಸಾವಿರ ಎಕರೆ ಕಾವಲು ಈ ಶತಮಾನದ ಮೊದಲೆರಡು ದಶಕಗಳಲ್ಲಿ ವಿಜ್ಞಾನ ಹಾಗೂ ರಕ್ಷಣಾ ಸಂಸ್ಥೆಗಳಿಗೆ ಹಂಚಿಕೆಯಾಗಿ, ಮೇವಿನ ನೆಲ ಕಳೆದುಕೊಂಡ ಊರವರ ವ್ಯಾಜ್ಯ ಹಸಿರು ನ್ಯಾಯಾಧಿಕರಣದವರೆಗೆ ಹೋಯಿತು. ೧೯೭೪ರಲ್ಲಿ ಕೃಷ್ಣಮೃಗಧಾಮವಾದ ರಾಣೆಬೆನ್ನೂರಿನ ಕುರುಚಲು ನೆಲದಲ್ಲಿ ವಿಸ್ತಾರವಾಗಿ ನೀಲಗಿರಿಯನ್ನು ನೆಡಲಾಗಿತ್ತು. ಕಾಸರಗೋಡಿನ ಪದವುಗಳು ಗೇರುತೋಪುಗಳಾದವು. ಅವುಗಳ ಮೇಲೆ ೧೯೭೦ರ ದಶಕದ ಕೊನೆಯಿಂದ ೨೦೦೦ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದುದರ ಫಲವನ್ನು ಎಣ್ಮಕಜೆ ಮೊದಲಾದ ಗ್ರಾಮಗಳ ಕನ್ನಡಿಗರು ಇನ್ನೂ ಉಣ್ಣುತ್ತಿದ್ದಾರೆ. ಇಲ್ಲೆಲ್ಲ ಮೊದಲು ನಡೆದುದು ಒಂದೇ: ನೆಲವನ್ನು ಬರಿದೆಂದು ಕರೆಯುವುದು.

ಆಕಾಶದಿಂದ ತೆಗೆದ ಚಿತ್ರ ಈ ತಪ್ಪನ್ನು ತಾನಾಗಿ ತಿದ್ದುವುದಿಲ್ಲ. ಭಾರತೀಯ ಅರಣ್ಯ ಸರ್ವೇಕ್ಷಣೆಯ ಲೆಕ್ಕದಲ್ಲಿ ಒಂದು ಹೆಕ್ಟೇರಿಗಿಂತ ಹೆಚ್ಚಿನ, ಶೇಕಡ ೧೦ಕ್ಕೆ ಕಡಿಮೆಯಿಲ್ಲದ ಎಲೆಚಪ್ಪರವಿರುವ ನೆಲ ಅರಣ್ಯಹೊದಿಕೆ ಎನಿಸುತ್ತದೆ. ಆ ಮಾನದಿಂದ ನೀಲಗಿರಿಯ ತೋಪೂ ಕಾನೂ ಸಮಾನ. ಕಾವಲಿಗೆ ಸ್ಥಾನವೇ ಇಲ್ಲ. ಈ ಕೊರತೆಯನ್ನು ಮನಗಂಡು ಎಂ. ಡಿ. ಮಧುಸೂದನ್ ಮತ್ತು ಅಬಿ ತಮೀಮ್ ವನಕ್ ಅವರು ದೇಶದ ಅರೆಶುಷ್ಕ ಪ್ರದೇಶಗಳ ತೆರೆದ ಸಹಜ ನೆಲಗಳ ಭೂಪಟವನ್ನು ೨೦೨೨-೨೩ರ ವೇಳೆಗೆ ಪ್ರಕಟಿಸಿದರು. ದೇಶದ ಭೂಭಾಗದ ಸುಮಾರು ಹತ್ತನೆಯ ಒಂದಂಶ ಇಂಥ ನೆಲ ಎಂಬುದು ಅವರ ಅಂದಾಜು. ಇಂಥ ಭೂಪಟದ ಒಂದೊಂದು ಚುಕ್ಕೆ ನಿಜವಾಗಿ ಏನೆಂದು ಪರಿಶೀಲಿಸಲು ನೆಲದ ಮೇಲೆ ನಿಂತು ತೆಗೆದ ಚಿತ್ರ ಬೇಕು. ನಾಗರಿಕನು ಬೆಲೆಬಾಳುವುದು ಆಗ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಬಯಲು ೨೦೦೭ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಾದುದರ ಹಿಂದೆ ತುಮಕೂರಿನ ಪ್ರಕೃತಿಪ್ರಿಯರ ವರ್ಷಗಳ ವೀಕ್ಷಣೆಯ ದಾಖಲೆಗಳಿದ್ದವು. ೨೦೧೧ರಲ್ಲಿ ಕಡೂರಿನ ಬಾಸೂರು ಅಮೃತಮಹಲ್ ಕಾವಲಿಗೂ ಇಂಥ ರಕ್ಷಣೆ ದೊರೆಯಿತು.

೭

ಛಾಯಾಚಿತ್ರವನ್ನು ನಿರಪವಾದವಾದ ಸಾಕ್ಷ್ಯವೆಂದು ಭಾವಿಸುವುದು ಸರಿಯಲ್ಲ. ಅದರ ಮಿತಿಗಳನ್ನು ಹಸ್ತಪ್ರತಿಶಾಸ್ತ್ರದ ವಿದ್ಯಾರ್ಥಿ ಬೇಗ ಗ್ರಹಿಸಬಲ್ಲನು. ಮೊದಲನೆಯದು ಋತು. ಏಪ್ರಿಲ್ ತಿಂಗಳಿನ ಕಾವಲು ಬೂದುಬಣ್ಣದ ಬರಡಾಗಿ ಕಾಣುತ್ತದೆ. ಅದೇ ಎಡೆ ಸೆಪ್ಟೆಂಬರಿನಲ್ಲಿ ಸೊಂಟದೆತ್ತರದ ಹುಲ್ಲು. ಬೇಸಗೆಯ ಒಂದೇ ಚಿತ್ರವನ್ನಿಟ್ಟರೆ ಅದು ಪಾಳುಭೂಮಿಯೆಂಬ ವಾದಕ್ಕೇ ಸಾಕ್ಷಿಯಾದೀತು. ಆದ್ದರಿಂದ ಒಂದೇ ಬಿಂದುವಿನ ಚಿತ್ರವನ್ನು ವರ್ಷದಲ್ಲಿ ಕನಿಷ್ಠ ಎರಡು ಬಾರಿ ತೆಗೆಯಬೇಕು. ಎರಡನೆಯದು ಚೌಕಟ್ಟು. ಹಸ್ತಪ್ರತಿಯ ಲಿಪಿಕಾರನಂತೆ ಛಾಯಾಗ್ರಾಹಕನೂ ಬಿಡುತ್ತಾನೆ. ತಂತಿಬೇಲಿ, ಕಲ್ಲುಗಣಿ, ಕಸದ ರಾಶಿ ಇವು ಅಂದಗೆಡಿಸುವುವೆಂದು ಹೊರಗುಳಿಯುತ್ತವೆ. ದಾಖಲೆಗೆ ಅವೇ ಮುಖ್ಯ. ಮೂರನೆಯದು ಪ್ರಕ್ಷಿಪ್ತ. ಬಯಲಿನಲ್ಲಿ ಬಳ್ಳಾರಿ ಜಾಲಿ, ಕಾಡಿನಂಚಿನಲ್ಲಿ ಲಂಟಾನ, ನಾಲೆಯಲ್ಲಿ ಕಚೂರಿಪಾನ ಇವು ಮೂಲಪಾಠದೊಳಗೆ ಸೇರಿಕೊಂಡ ಅನ್ಯಪಾಠಗಳು. ಅವು ಮೂಲದಷ್ಟೇ ಸಹಜವಾಗಿ ಕಾಣುತ್ತವೆ. ಗುರುತಿಸಲು ಗಿಡಗಳ ಪರಿಚಯ ಬೇಕು. ಆದುದರಿಂದ ದೂರದ ಚಿತ್ರದ ಜೊತೆಗೆ ಮುಖ್ಯ ಗಿಡಗಳ ಸಮೀಪಚಿತ್ರಗಳೂ ಇರಬೇಕು.

ನಾಲ್ಕನೆಯದು ಅತ್ಯಂತ ಸೂಕ್ಷ್ಮವಾದುದು. ಸಹಜವೆಂದರೇನು? ಕಾನಿನಲ್ಲಿ ಮೆಣಸನ್ನು ಊರವರೇ ಬೆಳೆಸಿದ್ದಾರೆ. ಬೇಣದ ಹುಲ್ಲನ್ನು ಅವರೇ ಕೊಯ್ಯುತ್ತಾರೆ. ಕಾವಲನ್ನು ದನಗಳು ಮೇದು ಕಾವಲಾಗಿಯೇ ಇರಿಸಿವೆ. ಮನುಷ್ಯನ ಕೈ ತಾಗದುದು ಮಾತ್ರ ಸಹಜವೆಂದರೆ ಕನ್ನಡ ನಾಡಿನಲ್ಲಿ ಉಳಿಯುವ ನೆಲ ಬಹಳ ಕಡಿಮೆ. ಹಾಗೆಂದು ಮನುಷ್ಯನು ಮಾಡಿದುದೆಲ್ಲ ಸಹಜವೆಂದರೆ ನೀಲಗಿರಿಯ ತೋಪೂ ಅದರೊಳಗೆ ಬಂದೀತು. ತಾನಾಗಿ ಹುಟ್ಟಿ, ಬಳಕೆಯ ನಡುವೆಯೂ ತನ್ನ ಗಿಡಮರಗಳ ಕೂಟವನ್ನು ತಾನೇ ಮುಂದುವರಿಸಿಕೊಳ್ಳುವ ನೆಲವನ್ನು ಸಹಜವೆನ್ನುವುದು ಯುಕ್ತ. ಬೇಣ, ಕಾನು, ಕಾವಲು ಎಂಬ ಪದಗಳಲ್ಲಿ ಈ ಮಧ್ಯಮ ಅರ್ಥ ಮೊದಲೇ ಇದೆ. ಕಾಡು ಮತ್ತು ನಾಡು ಎಂಬ ದ್ವಂದ್ವದಲ್ಲಿ ಅದು ಕಾಣುವುದಿಲ್ಲ.

೮

ಕನ್ನಡ ಅಧ್ಯಯನ ವಿಭಾಗಗಳು ಈ ಕಾರ್ಯದಲ್ಲಿ ಮಾಡಬಹುದಾದುದು ಏನೆಂದು ಕೇಳಬಹುದು. ಪದಸಂಗ್ರಹ ನಮ್ಮ ವಿಭಾಗಗಳಿಗೆ ಹೊಸದಲ್ಲ. ಉಪಭಾಷೆ, ವೃತ್ತಿಪದ, ಸ್ಥಳನಾಮಗಳ ಸಂಗ್ರಹಕ್ಕಾಗಿ ವಿದ್ಯಾರ್ಥಿಗಳು ಹಳ್ಳಿಗಳಿಗೆ ಹೋಗುತ್ತಲೇ ಬಂದಿದ್ದಾರೆ. ಇನ್ನು ಮುಂದೆ ನೆಲಕ್ಕೆ ಸಂಬಂಧಿಸಿದ ಪ್ರತಿಯೊಂದು ಪದದ ಜೊತೆಗೆ, ಅದನ್ನು ಹೇಳಿದವರು ತೋರಿಸಿದ ಎಡೆಯ ನಾಲ್ಕು ದಿಕ್ಕಿನ ಚಿತ್ರ, ಬಿಂದುವಿನ ಅಕ್ಷಾಂಶ ರೇಖಾಂಶ, ದಿನಾಂಕ ಇವನ್ನೂ ಸೇರಿಸಿದರೆ ಪದಕೋಶ ಭೂಕೋಶವೂ ಆಗುತ್ತದೆ. ಹಕ್ಕಲು ಎಂಬ ಪದ ತೀರ್ಥಹಳ್ಳಿಯಲ್ಲಿ ಯಾವ ನೆಲಕ್ಕೆ, ಕುಂದಾಪುರದಲ್ಲಿ ಯಾವ ನೆಲಕ್ಕೆ ಸಲ್ಲುತ್ತದೆಂಬ ಪ್ರಶ್ನೆ ವಾಗ್ವಾದದಿಂದಲ್ಲ, ಚಿತ್ರಗಳನ್ನು ಹೋಲಿಸುವುದರಿಂದ ಬಗೆಹರಿಯಬಹುದು. ಸಸ್ಯವಿಜ್ಞಾನ ವಿಭಾಗದವರು ಆ ಚಿತ್ರಗಳಿಗೆ ಶಾಸ್ತ್ರೀಯ ಹೆಸರು ಕೊಟ್ಟರೆ, ಊರ ಹೆಸರೂ ಶಾಸ್ತ್ರದ ಹೆಸರೂ ಒಂದನ್ನೊಂದು ಪರೀಕ್ಷಿಸುತ್ತವೆ. ಕನ್ನಡದಲ್ಲಿ ಈ ಎರಡು ವಿದ್ಯೆಗಳು ಕೂಡಿದುದಕ್ಕೆ ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಎಂಬ ಮೇಲ್ಪಂಕ್ತಿ ಇದ್ದೇ ಇದೆ.

ಇದಕ್ಕೆ ದುಬಾರಿಯಾದ ಸಲಕರಣೆ ಬೇಡ. ವಿದ್ಯಾರ್ಥಿಗಳ ಕೈಯಲ್ಲಿರುವ ಸಾಮಾನ್ಯ ದೂರವಾಣಿಯೇ ಸ್ಥಳ, ಕಾಲ, ದಿಕ್ಕುಗಳನ್ನು ಚಿತ್ರದೊಡನೆ ಗುರುತಿಸಬಲ್ಲುದು. ಬೇಕಾದುದು ಶಿಸ್ತು ಮತ್ತು ಅವಸರ. ಕಾವಲು ಎಂದರೆ ಏನೆಂದು ನೆಲದ ಮೇಲೆ ನಿಂತು ತೋರಿಸಬಲ್ಲ ದನಗಾಹಿಗಳು, ಬೇಣ ಮತ್ತು ಹಕ್ಕಲಿನ ಭೇದವನ್ನು ಹೇಳಬಲ್ಲ ಹಿರಿಯ ಹೆಂಗಸರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ನೆಲ ಉಳಿದು ಹೆಸರು ಹೋದರೆ ಅದು ಖರಾಬಾಗುತ್ತದೆ. ಹೆಸರು ಉಳಿದು ನೆಲ ಹೋದರೆ ಅದು ಟಾಲಿಗಂಜಿನ ಬಿಲ್ ಹಾಗೂ ಡಾಂಗಾಗಳಂತೆ ಕೇವಲ ಪದವಾಗುತ್ತದೆ.

ಟಾಲಿಯ ನಾಲೆಯ ದಡದಲ್ಲಿ ಇಂದು ಯಾವನಾದರೂ ವಿದ್ಯಾರ್ಥಿ ನಿಂತು ನಾಲ್ಕು ದಿಕ್ಕಿನ ಚಿತ್ರ ತೆಗೆದರೆ, ಮೆಟ್ರೊ ಕಂಬ, ಮನೆಗಳ ಹಿಂಬದಿ, ನೀರ ಮೇಲಿನ ಕಳೆ, ದಡದ ಕೆಸುವಿನ ಎಲೆ ಇಷ್ಟು ಕಂಡೀತು. ೧೮೦೬ರ ಬಳಿಕ ಅಲ್ಲಿಗೆ ಬಂದ ಮೈಸೂರಿನವರು ಕಂಡುದು ಅದಲ್ಲ. ಅವರು ಕಂಡುದನ್ನು ಈಗ ಯಾರೂ ತೋರಿಸಲಾರರು. ಅವರ ಮನೆತನ ಹೆಸರಿಟ್ಟ ಅಮೃತಮಹಲ್ ಕಾವಲುಗಳ ಉಳಿದ ತುಣುಕುಗಳು ಮಾತ್ರ ಇನ್ನೂ ಕಣ್ಣಮುಂದಿವೆ. ಅವುಗಳ ಮೂಡಣ, ತೆಂಕಣ, ಪಡುವಣ, ಬಡಗಣ ಎಲ್ಲೆಗಳನ್ನು ಈ ತಲೆಮಾರಿನ ವಿದ್ಯಾರ್ಥಿಗಳು ಒಮ್ಮೆ ಸುತ್ತಿಬಂದು ದಾಖಲಿಸಿದರೆ ಕನ್ನಡದ ಅಧ್ಯಯನ ತನ್ನ ನೆಲಕ್ಕೆ ಸಲ್ಲಿಸಬೇಕಾದ ಋಣದ ಒಂದು ಭಾಗವಾದರೂ ಸಂದಂತಾಗುತ್ತದೆ.